ಹಳೇ ವಿಮಾನ ಹಾರಬೇಕೋ, ನಿಲ್ಲಬೇಕೋ?



ಹೋದ ವಾರ ವಿಜ್ಞಾನದ ಮೇಷ್ಟ್ರು ಬಿ-24 ಲಿಬರೇಟರ್ ಎಂಬ ಹಳೇ ವಿಮಾನದ ಕಥೆ ಹೇಳಿದರು. ಅದು ನಾಲ್ಕು ಎಂಜಿನ್ನಿನ ಬಾಂಬರ್. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟಿಷರು ಇಂಥ ಎಷ್ಟೋ ವಿಮಾನಗಳನ್ನು ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋದರು. ನಮ್ಮ ಬೆಂಗಳೂರಿನ ಎಚ್.ಎ.ಎಲ್.ನವರು ಅವುಗಳಲ್ಲಿ 42ನ್ನು ರಿಪೇರಿ ಮಾಡಿ ವಾಯುಪಡೆಗೆ ಕೊಟ್ಟರು. 1968ರವರೆಗೂ ಅವು ಸೇವೆಯಲ್ಲಿದ್ದವು. ಇದನ್ನು ಕೇಳಿ ನನಗೆ ಬಹಳ ಹೆಮ್ಮೆಯಾಯಿತು.

ಅವುಗಳಲ್ಲಿ ಒಂದನ್ನು 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಎಂಬ ಸಂಸ್ಥೆ ಕೊಂಡಿತು. ಎಷ್ಟೋ ಜನ ಸಂಬಳ ಕೇಳದೆ ಸ್ವಯಂಸೇವಕರಾಗಿ ದುಡಿದರು. 1989ರಲ್ಲಿ ಅದು ಮತ್ತೆ ಹಾರಿತು! ಆಮೇಲೆ ಊರೂರಿಗೆ ಹೋಯಿತು. ಜನ ಅದನ್ನು ಮುಟ್ಟಿದರು, ಒಳಗೆ ಹತ್ತಿ ನೋಡಿದರು.

ಆದರೆ 2019ರಲ್ಲಿ ಅದೇ ಸಂಸ್ಥೆಯ ಇನ್ನೊಂದು ಹಳೇ ವಿಮಾನ, ಬಿ-17, ಬಿದ್ದು 7 ಜನ ಸತ್ತರು. ಅದರ ಎಂಜಿನ್ನುಗಳನ್ನು ಸರಿಯಾಗಿ ನೋಡಿಕೊಂಡಿರಲಿಲ್ಲ ಅಂತ ತನಿಖೆಯಲ್ಲಿ ಗೊತ್ತಾಯಿತು. 2020ರಲ್ಲಿ ಅಲ್ಲಿನ ಸರ್ಕಾರ ಆ ಸಂಸ್ಥೆಗೆ ದುಡ್ಡು ತಗೊಂಡು ಜನರನ್ನು ಹಾರಿಸಲು ಕೊಟ್ಟಿದ್ದ ಅನುಮತಿಯನ್ನು ರದ್ದು ಮಾಡಿತು.

ಇದನ್ನು ಕೇಳಿದ ಮೇಲೆ ನಮ್ಮ ತರಗತಿಯಲ್ಲಿ ದೊಡ್ಡ ಚರ್ಚೆ ಆಯಿತು. "ಹಳೇದನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟುಬಿಡಬೇಕಪ್ಪ, ಹಾರಿಸೋದು ಯಾಕೆ?" ಅಂತ ತುಂಬಾ ಜನ ಅಂದರು. ನಾನು ಒಪ್ಪುವುದಿಲ್ಲ.

ನಮ್ಮೂರ ತೇರನ್ನೇ ನೋಡಿ. ಅದೂ ಹಳೇದೇ. ಎಳೆಯದೆ ನಿಲ್ಲಿಸಿದರೆ ಗೆದ್ದಲು ತಿನ್ನುತ್ತೆ. ಅದರ ರಿಪೇರಿ ಕೆಲಸವೂ ಮರೆತುಹೋಗುತ್ತೆ. ಆದರೆ ಜಾತ್ರೆಗೆ ಮುಂಚೆ ಬಡಗಿ ಅಜ್ಜ ಗಾಲಿ, ಅಚ್ಚು ಎಲ್ಲಾ ಬಡಿದು ನೋಡುತ್ತಾರೆ. ಹೋದ ವರ್ಷ ಅಚ್ಚಿನಲ್ಲಿ ಬಿರುಕು ಕಂಡಿತು. "ರಿಪೇರಿ ಆಗೋ ತನಕ ತೇರು ಎಳೆಯಬೇಡಿ" ಅಂದರು ಅಜ್ಜ. ಊರವರಿಗೆ ಬೇಜಾರಾಯಿತು, ಕೆಲವರು ಬೈದರು. ಅಜ್ಜ ಬಗ್ಗಲಿಲ್ಲ. ತೇರು ಎರಡು ದಿನ ತಡವಾಗಿ ಹೊರಟಿತು. ಯಾರಿಗೂ ಏನೂ ಆಗಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೇ. ಹಳೇ ವಿಮಾನ ಹಾರಲಿ, ನಾವು ಮಕ್ಕಳು ತಲೆ ಎತ್ತಿ ನೋಡೋಣ. ಆದರೆ ಪ್ರೀತಿ ಒಂದೇ ಸಾಲದು. "ಇವತ್ತು ಬೇಡ" ಅಂತ ಹೇಳುವ ಧೈರ್ಯವೂ ಇರಬೇಕು. ಆ ಧೈರ್ಯ ಇಲ್ಲದವರು ಅದರಲ್ಲಿ ಜನರನ್ನು ಹತ್ತಿಸಬಾರದು.

ನೀವೇನಂತೀರಿ? ಬರೆದು ಮುಂದಿನ ಸಂಚಿಕೆಗೆ ಕೊಡಿ.

– 7ನೇ ತರಗತಿಯ ವಿದ್ಯಾರ್ಥಿನಿ