ನೀರೊಳಗೆ ಬರೀ ಕಣ್ಣು ಸಾಲದು

‘ಕ್ಯಾಮೆರಾ ಯಾವುದಾದರೇನು, ಅದರ ಹಿಂದಿನ ಕಣ್ಣು ಮುಖ್ಯ.’ ಈ ಮಾತಿಗೆ ನಮ್ಮ ಸಾಹಿತ್ಯದ ಗೆಳೆಯರಲ್ಲಿ ಎಷ್ಟು ಗೌರವವಿದೆಯೆಂದರೆ, ಲೆನ್ಸಿನ ಸುದ್ದಿ ಎತ್ತಿದವರನ್ನು ಕೂಡಲೇ ಅಂಗಡಿಯವರ ಪಕ್ಷಕ್ಕೆ ಸೇರಿಸಿಬಿಡುತ್ತಾರೆ. ಕವಿತೆಗೆ ಪೆನ್ನು ಯಾವುದಾದರೇನು ಎಂಬ ತರ್ಕವೇ ಇದು. ನೆಲದ ಮೇಲೆ ನನಗೂ ಇದು ಒಪ್ಪಿಗೆ. ಜಾತ್ರೆಯ ತೇರನ್ನು ಹಳೆಯ ಫೋನಿನಲ್ಲೂ ಚೆಂದಾಗಿ ಹಿಡಿಯಬಹುದು. ಆದರೆ ನೀರಿಗಿಳಿದ ಕ್ಷಣದಿಂದ ಈ ಮಾತು ಸುಳ್ಳಾಗುತ್ತದೆ. ಆ ಸುಳ್ಳಿನ ಬೆಲೆಯನ್ನು ನಮ್ಮ ಕಡಲು ತೆರುತ್ತಿದೆ ಎಂಬುದು ನನ್ನ ತಕರಾರು.

ಮೊದಲು ಆ ಕಣ್ಣನ್ನೇ ವಿಚಾರಿಸೋಣ. ನೀರಿನಲ್ಲಿ ಬರಿಗಣ್ಣು ಬಿಟ್ಟರೆ ಎಲ್ಲವೂ ಮಸುಕು. ಗಾಳಿಯಲ್ಲಿ ಬೆಳಕನ್ನು ಬಗ್ಗಿಸುವ ಕೆಲಸದ ಬಹುಪಾಲನ್ನು ನಮ್ಮ ಕಾರ್ನಿಯಾ ಮಾಡುತ್ತದೆ. ನೀರು ತಾಗಿದೊಡನೆ ಅದರ ಶಕ್ತಿ ಉಡುಗುತ್ತದೆ. ಹಾಗಾಗಿ ಮಾಸ್ಕ್ ಹಾಕಿಕೊಂಡು ಕಣ್ಣಿನ ಮುಂದೆ ಒಂದಿಷ್ಟು ಗಾಳಿ ಕಟ್ಟಿಕೊಳ್ಳುತ್ತೇವೆ. ಆಗ ಆ ಚಪ್ಪಟೆ ಗಾಜು ತನ್ನ ಆಟ ತೋರಿಸುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಅದರಿಂದಾಗಿ ಮೀನು ಇರುವುದಕ್ಕಿಂತ ಮೂರನೇ ಒಂದು ಪಾಲು ದೊಡ್ಡದಾಗಿ, ಇರುವ ದೂರದ ಮುಕ್ಕಾಲು ದೂರದಲ್ಲಿ ಕಾಣುತ್ತದೆ. ಹೊಸದಾಗಿ ಇಳಿದವರು ಕೈ ಚಾಚಿ ಖಾಲಿ ನೀರನ್ನು ಹಿಡಿಯುವುದು ಇದರಿಂದಲೇ. ಬಣ್ಣದ ಕಥೆ ಇನ್ನೂ ಕೆಟ್ಟದು. ಮೊದಲು ಕೆಂಪು ಹೋಗುತ್ತದೆ, ಹಿಂದೆಯೇ ಕಿತ್ತಳೆ, ಆಮೇಲೆ ಹಳದಿ. ತುಸು ಆಳದಲ್ಲಿ ಬೆರಳು ಬಂಡೆಗೆ ತಾಗಿ ಗೀರಿದರೆ ಹೊರಬರುವ ರಕ್ತ ಹಸಿರುಗಪ್ಪಾಗಿ ಕಾಣುತ್ತದೆ. ಇಂಥ ಕಣ್ಣನ್ನು ನಂಬಿ ‘ಉಪಕರಣ ಮುಖ್ಯವಲ್ಲ’ ಎನ್ನುವುದು ಹೇಗೆ? ಅಲ್ಲಿ ನೋಡುವುದೇ ಉಪಕರಣದ ಮೂಲಕ. ಮಾಸ್ಕ್ ಕೂಡ ಒಂದು ಲೆನ್ಸೇ, ಅದೂ ಕೆಟ್ಟ ಲೆನ್ಸು.

ಹೀಗಂದ ಕೂಡಲೇ ಅಂಗಡಿಯವರು ಖುಷಿಯಾಗಬೇಕಿಲ್ಲ. ನನ್ನ ಎರಡನೇ ಜಗಳ ಅವರ ಜೊತೆಗೆ.

ನೀರೊಳಗಿನ ಛಾಯಾಗ್ರಹಣಕ್ಕೆ ಏನು ಕೊಳ್ಳಬೇಕು ಎಂದು ಯಾರನ್ನೇ ಕೇಳಿ, ಮಾತು ಶುರುವಾಗುವುದು ಕ್ಯಾಮೆರಾ ಬಾಡಿಯಿಂದ. ಎಷ್ಟು ಮೆಗಾಪಿಕ್ಸೆಲ್, ಫುಲ್ ಫ್ರೇಮೋ ಅಲ್ಲವೋ, ಈ ವರ್ಷದ ಮಾದರಿಯೋ ಹೋದ ವರ್ಷದ್ದೋ. ಆಮೇಲೆ ಅದಕ್ಕೊಂದು ಹೌಸಿಂಗ್. ಕೊನೆಗೆ ದುಡ್ಡು ಉಳಿದಿದ್ದರೆ ಮುಂದಿನ ಗಾಜು, ಅಂದರೆ ಪೋರ್ಟ್. ಇನ್ನೂ ಉಳಿದಿದ್ದರೆ ಸ್ಟ್ರೋಬ್ ದೀಪ. ಈ ಅನುಕ್ರಮ ಪೂರ್ತಿ ತಲೆಕೆಳಗು. ನನಗೆ ಗೊತ್ತಿರುವ ಒಂದು ಸಂಶೋಧನಾ ವಿಭಾಗದಲ್ಲಿ ಹೀಗೇ ಆಯಿತು. ಬೇಡಿಕೆ ಪಟ್ಟಿಯಲ್ಲಿದ್ದ ದುಬಾರಿ ಕ್ಯಾಮೆರಾ, ಅದರ ಜೊತೆಗಿನ 24-70 ಲೆನ್ಸ್, ಹೌಸಿಂಗ್ ಎಲ್ಲಕ್ಕೂ ಒಪ್ಪಿಗೆ ಸಿಕ್ಕಿತು. ಡೋಮ್ ಪೋರ್ಟ್ ಮತ್ತು ಸ್ಟ್ರೋಬುಗಳನ್ನು ‘ಬಿಡಿಭಾಗ’ ಎಂದು ಕರೆದು ಸಮಿತಿ ಹೊಡೆದುಹಾಕಿತು. ಬಂದದ್ದು ಚಪ್ಪಟೆ ಗಾಜಿನ ಪೋರ್ಟ್.

ಇದರ ಫಲವನ್ನು ಲೆಕ್ಕ ಹಾಕಿ ನೋಡಿ. ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ. ಲೆನ್ಸ್ ಗಾಳಿಯಲ್ಲಿ ಮೂಲೆಯಿಂದ ಮೂಲೆಗೆ 84 ಡಿಗ್ರಿ ನೋಡುತ್ತದೆ. ಚಪ್ಪಟೆ ಗಾಜಿನ ಹಿಂದೆ ಕೂರಿಸಿ ನೀರಿಗಿಳಿಸಿದರೆ ಅದು 60 ಡಿಗ್ರಿಗೆ ಇಳಿಯುತ್ತದೆ. ಅಂದರೆ ವೈಡ್ ಆಂಗಲ್ ಎಂದು ದುಡ್ಡು ಕೊಟ್ಟು ತಂದದ್ದು ನೀರಿನಲ್ಲಿ ಒಂದು ಸಾಧಾರಣ ಲೆನ್ಸ್. ಇನ್ನೂ ಅಗಲದ ಲೆನ್ಸ್ ಹಾಕಿದರಾಯಿತಲ್ಲ ಎಂದರೆ, ಆ ದಾರಿಯೂ ಮುಚ್ಚಿದೆ. ಚಪ್ಪಟೆ ಗಾಜಿನ ಹಿಂದೆ ಎಷ್ಟೇ ಅಗಲದ ಲೆನ್ಸ್ ಇಟ್ಟರೂ ಸುಮಾರು 97 ಡಿಗ್ರಿ ದಾಟಲು ಭೌತಶಾಸ್ತ್ರವೇ ಬಿಡುವುದಿಲ್ಲ. ಆ ಅಂಚು ಸಮೀಪಿಸುವ ಮೊದಲೇ ಚಿತ್ರದ ಮೂಲೆಗಳು ಎಳೆದಂತಾಗಿ, ಪ್ರತಿ ಗೆರೆಯ ಪಕ್ಕದಲ್ಲೂ ಕಾಮನಬಿಲ್ಲಿನ ಅಂಚು ಮೂಡುತ್ತದೆ. ಬೆಳಕು ಓರೆಯಾಗಿ ಗಾಜು ದಾಟುವಾಗ ಒಂದೊಂದು ಬಣ್ಣ ಒಂದೊಂದಷ್ಟು ಬಾಗುವುದೇ ಇದಕ್ಕೆ ಕಾರಣ. ಇದನ್ನು ಮೆಗಾಪಿಕ್ಸೆಲ್ ಸರಿಪಡಿಸುವುದಿಲ್ಲ. ಇನ್ನಷ್ಟು ಸ್ಪಷ್ಟವಾಗಿ ತೋರಿಸುತ್ತದೆ ಅಷ್ಟೇ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ: ನೀರಿನಲ್ಲಿ ವೈಡ್ ಆಂಗಲ್ ಯಾಕೆ ಬೇಕು? ಬೆಟ್ಟದ ತುದಿಯಲ್ಲಿ ನಿಂತು ಕಣಿವೆಯನ್ನೆಲ್ಲ ತುಂಬಿಕೊಳ್ಳುವ ಅಭ್ಯಾಸದಿಂದ ನಾವು ಅದನ್ನು ‘ಹೆಚ್ಚು ನೋಡುವ’ ಲೆನ್ಸ್ ಎಂದುಕೊಂಡಿದ್ದೇವೆ. ಕಡಲಿನಲ್ಲಿ ಅದರ ಕೆಲಸ ಹತ್ತಿರ ಹೋಗಲು ಬಿಡುವುದು. ಒಂದು ಮೀಟರ್ ಅಗಲದ ಹವಳದ ಗುಂಪನ್ನು ಸಾಧಾರಣ ಲೆನ್ಸಿನಲ್ಲಿ ಪೂರ್ತಿ ಹಿಡಿಯಬೇಕಾದರೆ ಹಿಂದಕ್ಕೆ ಸರಿಯಬೇಕು. ಸರಿದಷ್ಟೂ ನಡುವೆ ನೀರು ತುಂಬುತ್ತದೆ. ನಮ್ಮ ನೀರೆಂದರೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ತಂದು ಸುರಿದ ಹೂಳು, ಪ್ಲಾಂಕ್ಟನ್, ಎಲೆ ಕೊಳೆತ ಕಂದು. ಆ ನೀರನ್ನು ಗೆಲ್ಲುವ ಒಂದೇ ಉಪಾಯವೆಂದರೆ ಅದನ್ನು ಚಿತ್ರದಿಂದ ಹೊರಗಿಡುವುದು. ಫಿಶ್‌ಐ ಲೆನ್ಸ್ ಇದ್ದರೆ ಅದೇ ಹವಳವನ್ನು ಒಂದು ಮೊಳ ದೂರದಿಂದ ತೆಗೆಯಬಹುದು. ಎರಡು ಮೀಟರ್ ಕೆಸರಿನ ಬದಲು ಒಂದು ಮೊಳ ಕೆಸರು.

ಅಂಗಡಿಯ ಸಲಹೆ ಹುಟ್ಟಿದ್ದು ಮಾಲ್ಡೀವ್ಸ್, ಕೆಂಪು ಸಮುದ್ರ, ಕೆರಿಬಿಯನ್ನಿನ ತಿಳಿನೀರಿನಲ್ಲಿ. ಅಲ್ಲಿ ದೂರ ನಿಂತು ನೀಲಿಯನ್ನು ಹಿನ್ನೆಲೆಯಾಗಿ ಬಿಡಿಸಬಹುದು. ಕೆಂಪು ಫಿಲ್ಟರ್ ಹಾಕಿ ಬಿಸಿಲಿನಲ್ಲೇ ಬಣ್ಣ ವಾಪಸ್ ತರಬಹುದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋದರೆ ಸಿಗುವ ನೇತ್ರಾಣಿಯಲ್ಲಿ ಒಳ್ಳೆಯ ದಿನ ನೀರು ತಿಳಿಯಾಗಿರುತ್ತದೆ, ನಿಜ. ಕಾರವಾರದ ದಂಡೆಗೆ ಅಂಟಿಕೊಂಡ ಬಂಡೆಗಳ ಹತ್ತಿರ ಬನ್ನಿ. ಎಷ್ಟೋ ದಿನ ಚಾಚಿದ ಕೈಯ ಬೆರಳು ಎಣಿಸುವುದೇ ಸಾಹಸ. ಆ ಹಸಿರು ನೀರಿನಲ್ಲಿ ಕೆಂಪಿನ ಜೊತೆಗೆ ನೀಲಿಯೂ ಸೋರಿಹೋಗಿರುತ್ತದೆ. ಫಿಲ್ಟರಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಇಲ್ಲದ ಬಣ್ಣವನ್ನು ಯಾವ ಗಾಜೂ ಸೋಸಿ ಕೊಡಲಾರದು.

ಹಾಗಾಗಿ ಕೊಳ್ಳುವ ಅನುಕ್ರಮ ನೀರು ಮುಟ್ಟುವ ಗಾಜಿನಿಂದ ಶುರುವಾಗಬೇಕು. ಅರ್ಧಗೋಳದ ಡೋಮ್ ಪೋರ್ಟ್ ಚಪ್ಪಟೆ ಗಾಜು ಕಸಿದ ಕೋನವನ್ನು ಲೆನ್ಸಿಗೆ ಹಿಂದಿರುಗಿಸುತ್ತದೆ. ಆದರೆ ಅದಕ್ಕೂ ಒಂದು ಹಟವಿದೆ. ನೀರಿನಲ್ಲಿ ಡೋಮ್ ಒಂದು ಮಸೂರವಾಗಿ ವರ್ತಿಸಿ, ಹೊರಗಿನ ಇಡೀ ಲೋಕದ ಮಿಥ್ಯ ಪ್ರತಿಬಿಂಬವನ್ನು ತನ್ನ ಮುಂದೆಯೇ ಕಟ್ಟುತ್ತದೆ. ಅನಂತ ದೂರದ ವಸ್ತುವಿನ ಬಿಂಬವೂ ಗಾಜಿನಿಂದ ಅದರ ತ್ರಿಜ್ಯದ ಮೂರು ಪಟ್ಟು ದೂರದಲ್ಲೇ ಕೂರುತ್ತದೆ. ಹತ್ತು ಸೆಂಟಿಮೀಟರ್ ತ್ರಿಜ್ಯದ ಡೋಮ್ ಆದರೆ ಮೂವತ್ತು ಸೆಂಟಿಮೀಟರ್! ಕಡಲೆಲ್ಲ ಒಂದು ಸ್ಕೇಲಿನ ಉದ್ದದೊಳಗೆ. ಇದನ್ನು ಮೊದಲ ಸಲ ಓದಿದಾಗ ನನಗೆ ಅದೊಂದು ಕಥೆಯ ವಸ್ತುವಿನಂತೆ ಕಂಡಿತ್ತು, ಯಾರಾದರೂ ಬರೆದುಕೊಳ್ಳಲಿ. ಕೊಳ್ಳುವವರಿಗೆ ಇದರ ಅರ್ಥ ಇಷ್ಟೇ: ಲೆನ್ಸ್ ತೀರಾ ಹತ್ತಿರ ಫೋಕಸ್ ಮಾಡಬಲ್ಲದಾಗಿರಬೇಕು. ಆ ಬಿಂಬ ಬಾಗಿದ್ದು ಬೇರೆ. ಗೆರೆಗಳನ್ನು ನೆಟ್ಟಗೆ ಇಡುವ ರೆಕ್ಟಿಲಿನಿಯರ್ ವೈಡ್ ಲೆನ್ಸುಗಳು ಆ ಬಾಗನ್ನು ಹಿಡಿಯಲಾಗದೆ ಮೂಲೆಗಳಲ್ಲಿ ಮಸುಕಾಗುತ್ತವೆ. ಅವಕ್ಕೆ ದೊಡ್ಡ ಡೋಮ್ ಬೇಕು, ಅಪರ್ಚರನ್ನು ಎಫ್ 11ರ ಆಚೆಗೆ ಮುಚ್ಚಬೇಕು, ಮುಚ್ಚಿದರೆ ಇನ್ನಷ್ಟು ಬೆಳಕು ಬೇಕು. ಹೀಗೆ ಒಂದು ತಪ್ಪು ಆಯ್ಕೆ ಮೂರು ಖರ್ಚು ಹುಟ್ಟಿಸುತ್ತದೆ.

ಫಿಶ್‌ಐ ಇದಕ್ಕೆಲ್ಲ ತಲೆಕೆಡಿಸಿಕೊಳ್ಳುವುದಿಲ್ಲ. ಅಂಗೈಯಲ್ಲಿ ಹಿಡಿಯುವ ನಾಲ್ಕಿಂಚಿನ ಪುಟ್ಟ ಡೋಮ್ ಹಿಂದೆಯೂ ಅದು ಚೆನ್ನಾಗಿ ನೋಡುತ್ತದೆ. ಟೋಕಿನಾ ಕಂಪನಿಯ 10-17 ಮಿ.ಮೀ. ಫಿಶ್‌ಐ ಜೂಮ್ ಫುಲ್ ಫ್ರೇಮಿಗಲ್ಲ, ಚಿಕ್ಕ ಎಪಿಎಸ್-ಸಿ ಸೆನ್ಸರಿಗೆ ಮಾಡಿದ್ದು. ನೆಲದ ಮೇಲೆ ಅದನ್ನು ಕೇಳುವವರು ಕಡಿಮೆ. ನೀರೊಳಗಿನವರು ಮಾತ್ರ ವರ್ಷಗಟ್ಟಲೆ ಅದನ್ನು ಬಿಡದೆ ಹಿಡಿದುಕೊಂಡಿದ್ದಾರೆ. 180ರಿಂದ 100 ಡಿಗ್ರಿವರೆಗೆ ಹೊಂದಿಸಬಹುದು, 14 ಸೆಂ.ಮೀ.ವರೆಗೆ ಹತ್ತಿರ ಹೋಗಬಹುದು. ಅದನ್ನು ಹತ್ತು ವರ್ಷ ಹಳೆಯ ಬಾಡಿಗೆ ಸಿಕ್ಕಿಸಿದರೂ ನಮ್ಮ ನೀರಿನಲ್ಲಿ ಆ ಸಮಿತಿಯ ಹೊಸ ಕ್ಯಾಮೆರಾವನ್ನು ಸೋಲಿಸುತ್ತದೆ. ಹೌಸಿಂಗ್ ಒಂದು ಮಾದರಿಯ ಕ್ಯಾಮೆರಾಕ್ಕೆ ಮಾತ್ರ ಹೊಂದುತ್ತದೆ. ಕ್ಯಾಮೆರಾ ಹೋದರೆ ಅದೂ ಗುಜರಿ. ಲೆನ್ಸ್, ದೀಪ, ಅನೇಕ ಸಲ ಡೋಮ್ ಕೂಡ ಮುಂದಿನ ಬಾಡಿಗೆ ದಾಟುತ್ತವೆ. ನಿಜವಾದ ಬಿಡಿಭಾಗ ಯಾವುದು ಎಂದು ಈಗ ಹೇಳಿ.

ದೀಪದ ವಿಷಯದಲ್ಲಿ ಜಿಪುಣತನ ಸಲ್ಲದು. ಒಂದೇ ದೀಪವನ್ನು ಲೆನ್ಸಿನ ಪಕ್ಕಕ್ಕೆ ಕಟ್ಟಿ ಬೆಳಕು ಚೆಲ್ಲಿದರೆ ನೀರಿನ ಪ್ರತಿ ಕಣವೂ ಹೊಳೆದು ಚಿತ್ರದಲ್ಲಿ ಹಿಮ ಸುರಿದಂತಾಗುತ್ತದೆ. ಎರಡು ದೀಪ, ಉದ್ದನೆಯ ತೋಳು, ತುಸು ಹಿಂದಕ್ಕೆ ಮತ್ತು ಹೊರಕ್ಕೆ ತಿರುಗಿಸಿ ಇಡಬೇಕು.

ಇದೇನು ಹೊಸ ಜ್ಞಾನವಲ್ಲ. 1893ರಲ್ಲಿ ಫ್ರಾನ್ಸಿನ ಬಾನ್ಯೂಲ್ಸ್ ತೀರದಲ್ಲಿ ಲೂಯಿ ಬೂತಾನ್ ಎಂಬ ಜೀವವಿಜ್ಞಾನಿ ನೀರಿನಡಿ ಫೋಟೊ ತೆಗೆದಾಗ ಅವನ ಮುಖ್ಯ ಹೋರಾಟ ಪೆಟ್ಟಿಗೆ ಮತ್ತು ಬೆಳಕಿನ ಜೊತೆಗೇ ಇತ್ತು. 1926ರಲ್ಲಿ ಫ್ಲಾರಿಡಾದ ಬಳಿ ವಿಲಿಯಂ ಲಾಂಗ್ಲೆ ಮತ್ತು ಚಾರ್ಲ್ಸ್ ಮಾರ್ಟಿನ್ ನೀರೊಳಗಿನ ಮೊದಲ ಬಣ್ಣದ ಚಿತ್ರಗಳನ್ನು ತೆಗೆಯಲು ತೆಪ್ಪದ ಮೇಲೆ ಮೆಗ್ನೀಸಿಯಂ ಪುಡಿ ಸಿಡಿಸಿದರು. 1963ರಲ್ಲಿ ನಿಕಾನ್ ಹೊರತಂದ ನಿಕೋನೋಸ್ ಕ್ಯಾಮೆರಾಕ್ಕೆ ಆಮೇಲೆ ಬಂದ 15 ಮಿ.ಮೀ. ಲೆನ್ಸ್ ನೀರಿಗೆಂದೇ ಲೆಕ್ಕ ಹಾಕಿ ಮಾಡಿದ್ದು. ಮುಂದಿನ ಗಾಜು ನೇರ ನೀರಿಗೆ ತಾಗುತ್ತಿತ್ತು, 94 ಡಿಗ್ರಿ ಕಾಣುತ್ತಿತ್ತು, ಗಾಳಿಯಲ್ಲಿ ಕೆಲಸಕ್ಕೆ ಬಾರದು. ಇವರ್ಯಾರೂ ಕಣ್ಣೊಂದಿದ್ದರೆ ಸಾಕು ಎಂದುಕೊಂಡವರಲ್ಲ.

ಆಕ್ಷೇಪಗಳು ಗೊತ್ತಿವೆ. ಫಿಶ್‌ಐ ಸುಳ್ಳು ಹೇಳುತ್ತದೆ, ಮುಂದಿನ ಅಂಗೈಯಗಲದ ಹವಳವನ್ನು ಗುಡ್ಡ ಮಾಡಿ ಹಿಂದಿನ ಮನುಷ್ಯನನ್ನು ಇರುವೆ ಮಾಡುತ್ತದೆ ಎನ್ನುತ್ತಾರೆ. ಹೌದು. ಅಳತೆ ಬೇಕಾದಾಗ ನಾನೂ ಅದನ್ನು ಮುಟ್ಟುವುದಿಲ್ಲ. ಚೌಕಟ್ಟಿಟ್ಟು, ನಿಗದಿತ ದೂರದಿಂದ, ಗೆರೆ ಬಾಗಿಸದ ಲೆನ್ಸಿನಲ್ಲೇ ಬಂಡೆಯ ಮೇಲಿನ ಜೀವಿಗಳನ್ನು ಎಣಿಸುತ್ತೇನೆ. ಆದರೆ ಆ ಎಣಿಕೆಯ ಚಿತ್ರಗಳನ್ನು ನನ್ನ ಮಾರ್ಗದರ್ಶಕರ ಹೊರತು ಯಾರೂ ಎರಡನೇ ಸಲ ನೋಡಿದ್ದಿಲ್ಲ. ಹತ್ತಿರ ಹೋಗುವ ನೆಪದಲ್ಲಿ ಹವಳ ಮುರಿಯುತ್ತಾರೆ ಎಂಬ ಇನ್ನೊಂದು ಆಕ್ಷೇಪವಂತೂ ಪೂರ್ತಿ ನ್ಯಾಯವಾದದ್ದು. ನೀರಿನ ನಡುವೆ ಅಲ್ಲಾಡದೆ ತೇಲಲು ಬಾರದವರ ಕೈಗೆ ಕ್ಯಾಮೆರಾ ಕೊಡಲೇಬಾರದು. ಅದನ್ನು ಕಲಿಯುವ ಖರ್ಚು ಡೋಮಿಗಿಂತಲೂ ಮೊದಲು ಬರಬೇಕು.

ಮೂರನೆಯದು, ಇದು ಉಳ್ಳವರ ಶೋಕಿ ಎಂಬುದು. ತಿಂಗಳಿಗೆ 37,000 ರೂಪಾಯಿ ಜೆಆರ್‌ಎಫ್‌ನಲ್ಲಿ ಬದುಕುವವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಆದರೆ ಶೋಕಿ ಎಂದು ಕೈಬಿಟ್ಟದ್ದರ ಪರಿಣಾಮ ಏನಾಯಿತು ನೋಡಿ. ಪಶ್ಚಿಮ ಘಟ್ಟದ ಹಕ್ಕಿ, ಕಪ್ಪೆ, ಸೀತಾಳೆ ಹೂವುಗಳಿಗೆ ಕನ್ನಡದಲ್ಲಿ ಮುಖವಿದೆ. ತೇಜಸ್ವಿಯವರ ಕಾಲದಿಂದಲೂ ಅವು ನಮ್ಮ ಮನೆಯ ಗೋಡೆಗೆ, ಕ್ಯಾಲೆಂಡರಿಗೆ ಬಂದಿವೆ. ಕಾಡು ಕಡಿಯುತ್ತಾರೆಂದರೆ ನಮ್ಮ ಕಣ್ಣಮುಂದೆ ಒಂದು ಚಿತ್ರ ನಿಲ್ಲುತ್ತದೆ. ಕಡಲಿನ ಮುರು ಮೀನು, ತೊರಕೆ, ಬಂಡೆಗಂಟಿದ ಮೃದು ಹವಳ? ಮಾರುಕಟ್ಟೆಯ ಬುಟ್ಟಿಯಲ್ಲಿ ಸತ್ತು ಮಲಗಿದ್ದಷ್ಟೇ ಗೊತ್ತು. ಬಂದರಿಗಾಗಿ ಹೂಳೆತ್ತುವ ಮಾತು ಬಂದಾಗ ‘ಅಲ್ಲೇನಿದೆ, ಬರೀ ಕೆಸರು’ ಎನ್ನುವವರಿಗೆ ತೋರಿಸಲು ನಮ್ಮಲ್ಲಿ ನಮ್ಮ ಕೆಸರಿನೊಳಗಿನದೇ ಚಿತ್ರಗಳು ಬೇಕು. ಮಾಲ್ಡೀವ್ಸಿನ ನೀಲಿ ತೋರಿಸಿದರೆ ಅವರ ಮಾತೇ ನಿಜವಾದಂತೆ ಆಗುತ್ತದೆ.

ಒಬ್ಬೊಬ್ಬರೂ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಕರಾವಳಿಯ ಕಾಲೇಜು, ವಿಶ್ವವಿದ್ಯಾಲಯಗಳು ಸೇರಿ ಒಂದು ಜೊತೆ ಇಟ್ಟುಕೊಂಡರೂ ಸಾಕು: ಪುಟ್ಟ ಡೋಮ್, ಫಿಶ್‌ಐ, ಎರಡು ಸ್ಟ್ರೋಬ್, ಹಳೆಯ ಬಾಡಿ ಮತ್ತದರ ಹೌಸಿಂಗ್. ಗ್ರಂಥಾಲಯದ ಪುಸ್ತಕದಂತೆ ಸಹಿ ಹಾಕಿ ಒಯ್ಯಲಿ, ತೊಳೆದು ತಂದಿಡಲಿ. ನಾನು ಈ ಸಲ ಬರೆದುಕೊಟ್ಟ ಬೇಡಿಕೆ ಪಟ್ಟಿಯಲ್ಲಿ ಡೋಮ್ ಮೊದಲ ಸಾಲಿನಲ್ಲಿದೆ. ಕ್ಯಾಮೆರಾ ಕೊನೆಯ ಸಾಲಿನಲ್ಲಿ, ಅದೂ ಸೆಕೆಂಡ್ ಹ್ಯಾಂಡ್. ಸೆಕೆಂಡ್ ಹ್ಯಾಂಡ್ ಕೊಳ್ಳಲು ಅವಕಾಶವಿಲ್ಲ, ಹೊಸ ಮಾದರಿಯ ಕ್ಯಾಮೆರಾಕ್ಕೆ ದರಪಟ್ಟಿ ತನ್ನಿ ಎಂಬ ಷರಾದೊಂದಿಗೆ ಕಡತ ಒಮ್ಮೆ ವಾಪಸ್ ಬಂದಿದೆ. ಅದೇ ಪಟ್ಟಿಯನ್ನು, ಮೇಲಿನ 24 ಮಿ.ಮೀ. ಲೆಕ್ಕವನ್ನು ಲಗತ್ತಿಸಿ, ಮತ್ತೆ ಕಳಿಸಿದ್ದೇನೆ.