ಬೋರಿನ ಆಳ ಕೇಳ್ತೇವೆ, ಗುಣ?

ಬೋರ್ ಕೊರೆಸಿದರೆ 'ಎಷ್ಟು ಅಡಿ, ಎಷ್ಟು ಇಂಚು?' ಅಂತ ಎಲ್ಲರೂ ಕೇಳ್ತಾರೆ. ನೀರು ಎಂಥದ್ದು ಅಂತ ಕೇಳುವವರು ಕಡಿಮೆ. ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಕೆಂಗೇರಿ ಹಾದು ಬೈರಮಂಗಲ ಕೆರೆ ಸೇರುತ್ತದೆ. ನೊರೆ ಕಣ್ಣಿಗೆ ಕಾಣುತ್ತದೆ. ಅಂತರ್ಜಲಕ್ಕಿಳಿದ ನೈಟ್ರೇಟ್ ಕಾಣದು, ನಾಲಿಗೆಗೂ ಸಿಕ್ಕದು. (ಯೂರಿಯಾ ಸುರಿದ ನಮ್ಮ ಕೈಯೂ ಇದರಲ್ಲಿದೆ, ಎಲ್ಲವನ್ನೂ ಪೇಟೆಯವರ ತಲೆಗೆ ಕಟ್ಟುವಂತಿಲ್ಲ.) ಲೀಟರಿಗೆ 45 ಮಿಲಿಗ್ರಾಂ ದಾಟಿದರೆ ಕುಡಿಯಲು ಲಾಯಕ್ಕಿಲ್ಲ, ಎಳೆಗೂಸಿಗೆ ಹಾಲಿನಪುಡಿ ಕಲಸುವ ಮನೆಯಲ್ಲಂತೂ ಅಪಾಯ. ಕುದಿಸಿದರೆ ಹೋಗದು, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಕಿಸೆಯ ಟಿಡಿಎಸ್ ಮೀಟರ್ ಒಟ್ಟು ಲವಣ ಹೇಳುತ್ತದೆ, ಯಾವುದೆಂದು ಹೇಳದು. ಕೊರೆಸಲು ಲಕ್ಷ ಸುರಿಯುವ ನಾವು ಪ್ರಯೋಗಾಲಯಕ್ಕೆ ಒಂದು ಬಾಟಲಿ ಕೊಡಲು ಹಿಂದೆಮುಂದೆ ನೋಡುವುದೇಕೆ? ಪಂಪು ಹತ್ತು ನಿಮಿಷ ಓಡಿಸಿ, ಅದೇ ನೀರಲ್ಲಿ ಬಾಟಲಿ ತೊಳೆದು ತುಂಬಿ, ಅಂದೇ ಕೊಡಿ. ಮಳೆಗೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ.