ವೈರಲ್ ಜ್ವರಕ್ಕೆ ಆಂಟಿಬಯೋಟಿಕ್ ಕೇಳಬೇಡಿ

ಮಗುವಿಗೆ ನೆಗಡಿ, ಜ್ವರ ಬಂದ ಮರುದಿನವೇ ನಾವು ಮೆಡಿಕಲ್ ಶಾಪ್‌ಗೆ ಹೋಗಿ ಆಂಟಿಬಯೋಟಿಕ್ ಕೇಳುತ್ತೇವೆ. ಆದರೆ ಹೆಚ್ಚಿನ ನೆಗಡಿ-ಜ್ವರಗಳಿಗೆ ಕಾರಣ ವೈರಸ್. ಆಂಟಿಬಯೋಟಿಕ್ ಕೆಲಸ ಮಾಡುವುದು ಬ್ಯಾಕ್ಟೀರಿಯಾದ ಮೇಲೆ. ಹಾಗಾದರೆ ವೈರಸ್ಸನ್ನು ಎದುರಿಸುವವರು ಯಾರು? ನಿಮ್ಮ ದೇಹದ ಜೀವಕೋಶಗಳೇ.

ಜೀವಕೋಶದಲ್ಲಿ ಪ್ರೋಟೀನ್ ತಯಾರಾಗುವುದು ಆರ್‌ಎನ್‌ಎ ಹೊತ್ತು ತರುವ ಸೂಚನೆಯಂತೆ. ಸೂಚನೆಯಲ್ಲಿ ದೋಷ ಕಂಡರೆ ಕೋಶ ಆ ಆರ್‌ಎನ್‌ಎಯನ್ನು ನಾಶಮಾಡುತ್ತದೆ. ಡೆಂಗಿ, ಚಿಕುನ್‌ಗುನ್ಯಾ, ಕೊರೊನಾ ವೈರಸ್‌ಗಳು ಒಳಗೆ ತರುವುದೂ ಆರ್‌ಎನ್‌ಎಯನ್ನೇ. ಕೆಲವೊಮ್ಮೆ ಅದೂ ಈ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ. ಚಿಕುನ್‌ಗುನ್ಯಾ ವೈರಸ್‌ನ ಹತ್ತಿರದ ಸಂಬಂಧಿಯಾದ ಸೆಮ್ಲಿಕಿ ಫಾರೆಸ್ಟ್ ವೈರಸ್ಸನ್ನು ಕೋಶ ಹೀಗೆ ತಡೆಯುವುದನ್ನು ವಿಜ್ಞಾನಿಗಳು 2014ರಲ್ಲಿ ತೋರಿಸಿದರು.

ತಪಾಸಣೆ ದಾಟಿದ ವೈರಸ್ ತನ್ನ ಪ್ರತಿಗಳನ್ನು ಮಾಡತೊಡಗಿದಾಗ ಎರಡೆಳೆಯ ಆರ್‌ಎನ್‌ಎ ಉಂಟಾಗುತ್ತದೆ. ಪಿಕೆಆರ್ ಎಂಬ ಪ್ರೋಟೀನ್ ಅದನ್ನು ಗುರುತಿಸಿದರೆ, ಕೋಶ ತನ್ನ ಪ್ರೋಟೀನ್ ತಯಾರಿಯನ್ನೇ ಬಹುಮಟ್ಟಿಗೆ ನಿಲ್ಲಿಸಿಬಿಡುತ್ತದೆ. ವೈರಸ್‌ಗೆ ಸ್ವಂತ ಅಡುಗೆಮನೆಯಿಲ್ಲ. ನುಗ್ಗಿದವನಿಗೆ ಊಟ ಸಿಗದಿರಲಿ ಎಂದು ಮನೆಯವರು ತಮ್ಮ ಒಲೆಯನ್ನೇ ಆರಿಸಿದಂತೆ ಇದು. ಜೊತೆಗೆ ಕೋಶ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಹೊರಬಿಟ್ಟು ಅಕ್ಕಪಕ್ಕದ ಕೋಶಗಳನ್ನು ಎಚ್ಚರಿಸುತ್ತದೆ. 1957ರಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದರು. ನಿಮಗೆ ಬರುವ ಜ್ವರ, ಮೈಕೈ ನೋವು, ಸುಸ್ತಿಗೆ ಇಂಟರ್‌ಫೆರಾನ್ ಕೂಡಾ ಒಂದು ಕಾರಣ.

ಆದ್ದರಿಂದ ಸುಸ್ತನ್ನು ಶತ್ರುವೆಂದು ನೋಡಬೇಡಿ. ಅದು ದೇಹ ಕೆಲಸದಲ್ಲಿರುವ ಗುರುತು. ಮಗುವಿಗೆ ಜ್ವರ ಬಂದರೆ ಮಲಗಿಸುವ ನಾವು, ತಾಯಿಗೆ ಜ್ವರ ಬಂದಾಗ ಮಾತ್ರೆ ನುಂಗಿಸಿ ಅಡುಗೆಗೆ ನಿಲ್ಲಿಸುವುದು ಅನ್ಯಾಯ. ಕೋಶವೇ ಒಲೆ ಆರಿಸಿರುವಾಗ ಆಕೆಯೂ ಎರಡು ದಿನ ಒಲೆಯಿಂದ ದೂರವಿರಲಿ. ಗಂಜಿ, ನೀರು, ನಿದ್ದೆ ಸಿಗಲಿ. ಜ್ವರ ಹೆಚ್ಚಿದ್ದರೆ ಪ್ಯಾರಾಸಿಟಮಾಲ್ ಸಾಕು. ಡೆಂಗಿಯ ಶಂಕೆಯಿದ್ದರೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ, ರಕ್ತಸ್ರಾವದ ಅಪಾಯವಿದೆ.

ಅನಗತ್ಯವಾಗಿ ನುಂಗಿದ ಆಂಟಿಬಯೋಟಿಕ್ ವೈರಸ್ಸನ್ನು ಮುಟ್ಟುವುದಿಲ್ಲ. ಬದಲಿಗೆ, ಆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾಗಳು ಬೆಳೆಯಲು ದಾರಿ ಮಾಡಿಕೊಡುತ್ತದೆ. ನಾಳೆ ನಿಮ್ಮ ಮಗುವಿಗೆ ನಿಜವಾಗಿ ನ್ಯುಮೋನಿಯಾ ಬಂದಾಗ ಅದೇ ಔಷಧ ಕೆಲಸ ಮಾಡದಿರಬಹುದು.

ಹಾಗೆಂದು ಸುಮ್ಮನೆ ಕೂರಬೇಡಿ. ವೈರಸ್‌ಗಳಿಗೂ ಉಪಾಯ ಗೊತ್ತು. ಪಿಕೆಆರನ್ನು ತಡೆಯುವ ಪ್ರೋಟೀನ್ ಇನ್ಫ್ಲುಯೆಂಜಾ ವೈರಸ್‌ನಲ್ಲಿದೆ. ಉಸಿರಾಟಕ್ಕೆ ಕಷ್ಟ, ರಕ್ತಸ್ರಾವ, ಫಿಟ್ಸ್, ನಿಲ್ಲದ ವಾಂತಿ, ವಿಪರೀತ ಮಂಪರು ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಿ. ಮೂರು ದಿನವಾದರೂ ಜ್ವರ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ಆಂಟಿಬಯೋಟಿಕ್ ಬೇಕೇ ಬೇಡವೇ ಎಂಬುದನ್ನು ಅವರು ನಿರ್ಧರಿಸಲಿ.